ಒಂದೂವರೆ ಪಟ್ಟು

ಮೊದಲು ನೀರು. ತಣ್ಣೀರು.
ಮೇಲಿನ ತೂತಿನಿಂದ ತುಂಬಿ ಚೆಲ್ಲುವಷ್ಟು.
ಒಂದು ಗುಳ್ಳೆ ಗಾಳಿ ಒಳಗೆ ಉಳಿದರೂ
ಸ್ಪ್ರಿಂಗಿನಂತೆ ಮೈ ಮುದುಡಿ ಕಾಯುತ್ತಿರುತ್ತದೆ.
ಅದಕ್ಕೇ ಬಾಯ್ಲರನ್ನು ಆಚೀಚೆ ವಾಲಿಸಿ
ಹಸುಗೂಸಿಗೆ ತೇಗು ಬರಿಸುವ ಹಾಗೆ
ತಾಮ್ರದ ಬೆನ್ನು ತಟ್ಟುತ್ತೇನೆ.

ಗಾಳಿ ತುಂಬಿಯೇ ಪರೀಕ್ಷಿಸಬಹುದಲ್ಲ ಎಂದು
ಹೊಸಬರು ಕೇಳುತ್ತಾರೆ, ವರ್ಷಕ್ಕೊಬ್ಬರಾದರೂ.
ಗಾಳಿ ಸಿಟ್ಟನ್ನು ಕೂಡಿಡುತ್ತದೆ. ನೀರಿಗೆ ಆ ಗುಣವಿಲ್ಲ.
ತಗಡು ಸೋತರೆ ಗಾಳಿ ಸೂರು ಹಾರಿಸುತ್ತದೆ;
ನೀರು ನನ್ನ ಬೂಟು ನೆನೆಸುತ್ತದೆ, ಅಷ್ಟೇ.

ರಾಚ್‌ಡೇಲಿನಾಚೆ, ಕಾಲುವೆ ಬದಿಯ ನಮ್ಮ ಶೆಡ್ಡು.
ಫೆಬ್ರವರಿಯ ಶನಿವಾರ. ಹೀಟರು ಕೆಟ್ಟಿದೆ.
ಗ್ಲೆನ್ನಿಸ್ ಕ್ರಾಬ್‌ಟ್ರೀ ತನ್ನ ತಂದೆಯ ಎಂಜಿನನ್ನು
ಮೀನಂಗಡಿಯ ವ್ಯಾನಿನಲ್ಲಿ ತಂದಿದ್ದಾಳೆ,
ಹಳೆ ಕಂಬಳಿ ಸುತ್ತಿ, ಸೀಟ್ ಬೆಲ್ಟ್ ಬಿಗಿದು.
ಜೊತೆಗೊಂದು ಕೋಕೋ ಡಬ್ಬಿ.
"ಅಪ್ಪ ಇದ್ದಾನೆ ಇದರಲ್ಲಿ. ಒಂದು ಚಮಚ.
ನಾಳೆ ಬೆಂಕಿಗೂಡಿಗೆ ಹಾಕಬೇಕು.
ಅವನೇ ಹೇಳಿದ್ದು."

ಹೆಡ್ಲಿ ಹೇಳುವವನೇ.
ಹತ್ತೊಂಬತ್ತು ವರ್ಷ ಈ ಬೆಂಚಿಗೆ
ಎದುರುಬದುರು ನಿಂತವರು ನಾವು.
ತಾನು ಕಟ್ಟಿದ್ದನ್ನು ತಾನೇ ಪಾಸು ಮಾಡುವಂತಿಲ್ಲ:
ನಿಯಮದ ಪುಸ್ತಕದಲ್ಲಿ ನಾನು ಒಪ್ಪಿ ಓದುವ ಸಾಲು.
ಹೆತ್ತವರಿಗೆ ಹೆಗ್ಗಣ ಮುದ್ದು,
ಸೋರುವ ಹೆಗ್ಗಣವಾದರೂ.
ಅವನದಕ್ಕೆ ನನ್ನ ಸಹಿ, ನನ್ನದಕ್ಕೆ ಅವನದು.
ಮಾತು ಕಡಿಮೆ. ಚಹಾ ಜಾಸ್ತಿ.

ಕೆಲಸದ ಒತ್ತಡ ಎಂಬತ್ತು ಪೌಂಡು.
ಹೊಸದಾದರೆ ಎರಡು ಪಟ್ಟು ತಾಳಬೇಕು,
ಹಳೆಯದಕ್ಕೆ ಒಂದೂವರೆ ಸಾಕು.
ವಯಸ್ಸಿಗೆ ಅಷ್ಟು ಮರ್ಯಾದೆ ಉಂಟು ನಮ್ಮಲ್ಲಿ.
ಕೈಪಂಪು ಒತ್ತಿದೆ. ನಲವತ್ತು. ಎಂಬತ್ತು.
ನೂರರ ಹತ್ತಿರ ತಾಮ್ರ ಒಂದು ಸಣ್ಣ ಸದ್ದು ಮಾಡಿತು,
ನಿದ್ದೆಯಲ್ಲಿ ಯಾರೋ ಮಗ್ಗುಲು ಬದಲಿಸಿದ ಹಾಗೆ.
ನೂರಿಪ್ಪತ್ತು.
ಕವಾಟ ಮುಚ್ಚಿ ಗಡಿಯಾರ ನೋಡಿದೆ.

ಮುಳ್ಳು ಇಳಿಯುವುದು ಕಣ್ಣಿಗೆ ಕಾಣುವುದಿಲ್ಲ.
ಬೇರೆಲ್ಲೋ ನೋಡಿ ತಿರುಗಿದರೆ ಇಳಿದಿರುತ್ತದೆ.
ನೂರ ಹದಿನೇಳು.
ಗ್ಲೆನ್ನಿಸ್ ಮೀನಿನ ದರದ ಬಗ್ಗೆ ಏನೋ ಹೇಳುತ್ತಿದ್ದಳು.
ನೂರ ಹನ್ನೊಂದು.

ಟಾರ್ಚು, ದಂತವೈದ್ಯರ ಪುಟ್ಟ ಕನ್ನಡಿ, ಟಿಶ್ಯೂ ಕಾಗದ.
ಬೆಂಕಿಗೂಡಿನ ಎಡಗೋಡೆ, ಮೂರನೇ ಸಾಲು,
ಗೋಡೆ ಹಿಡಿದಿಟ್ಟ ಒಂದು ಮೊಳೆಯ ಬುಡ.
ಸೋರಿಕೆಯಲ್ಲ, ಒಸರು.
ನಮ್ಮ ಕಸುಬಿನವರು ಅದಕ್ಕೆ ಅಳು ಎನ್ನುತ್ತಾರೆ.
ಅವಳ ಮುಂದೆ ಆ ಪದ ನುಂಗಿಕೊಂಡೆ.

"ಇಷ್ಟೇ ಅಲ್ವಾ? ಅರ್ಧ ಒತ್ತಡದಲ್ಲಿ, ಒಂದೇ ಒಂದು ಸುತ್ತು?"

ನಮೂನೆಯಲ್ಲಿ ಇರುವುದು ಎರಡು ಚೌಕ.
ಮೂರನೆಯದನ್ನು ಯಾರೂ ಅಚ್ಚು ಹಾಕಿಸಿಲ್ಲ.
ಚಳಿಗೆ ಪೆನ್ನು ಹಿಡಿಯಲಿಲ್ಲ,
'ಇಲ್ಲ' ಎಂಬುದನ್ನು ಎರಡು ಸಲ ಬರೆಯಬೇಕಾಯಿತು.
ಬೈದಳು. ಉದ್ದಕ್ಕೆ, ಉಸಿರು ತೆಗೆಯದೆ.
ಸುರಕ್ಷಾ ಕವಾಟ ಚಿಮ್ಮಿದಾಗ
ಪಕ್ಕಕ್ಕೆ ಸರಿದು ನಿಲ್ಲುವುದು ಪದ್ಧತಿ.
ನಿಂತೆ.
ಭಾನುವಾರ ಮಕ್ಕಳನ್ನು ಬ್ಯಾಟರಿ ಎಂಜಿನ್ನು ಎಳೆಯಿತು.

ಈಗ ಏಪ್ರಿಲ್.
ಬೆಳ್ಳಿ ಬೆಸುಗೆ ಹಾಕಿಸಿ ಮತ್ತೆ ತಂದಿದ್ದಾಳೆ,
ಅದೇ ಕಂಬಳಿ, ಅದೇ ಡಬ್ಬಿ.
ದುರಸ್ತಿಯಾದದ್ದಕ್ಕೆ ಹೊಸದರ ಲೆಕ್ಕ:
ಒಂದೂವರೆಯ ರಿಯಾಯಿತಿ ಹೋಯಿತು, ಎರಡು ಪಟ್ಟು.
"ಒಮ್ಮೆ ಸೋತದ್ದು ಇನ್ನೂ ಹೆಚ್ಚು ತಾಳಬೇಕಾ?"
"ಪುಸ್ತಕದಲ್ಲಿ ಹಾಗಿದೆ."
"ಬರೆದವನಿಗೆ ಮನೆಮಠ ಇರಲಿಲ್ಲ."

ಪಂಪಿನ ಹಿಡಿ ಅವಳ ಕೈಗೆ ಕೊಟ್ಟೆ.
ಮೆಲ್ಲಗೆ. ಮುಳ್ಳನ್ನು ಅಟ್ಟಬೇಡ, ಅದಾಗಿ ಬರಲಿ.
ನನ್ನ ಬಾಯ್ಲರಿನ ಕಾಗದದ ಮೇಲೆ
ಹೆಡ್ಲಿಯ ಸಹಿಗೆ ಸೆಪ್ಟೆಂಬರಿನವರೆಗೆ ಆಯುಸ್ಸಿದೆ.
ಆ ಮಾತು ಈಗ ಬೇಡ.

ನೂರ ಅರವತ್ತು.
ಕವಾಟ ತಿರುಗಿಸಿದಳು.
ಮೀನು ಸೀಳುವ ಕೈ, ನಡುಗಲಿಲ್ಲ.
ಕೋಕೋ ಡಬ್ಬಿಯನ್ನು ಬೆಂಚಿನ ತುದಿಯಿಂದ
ಸ್ವಲ್ಪ ಒಳಗೆ ಸರಿಸಿದೆ.
ಅರ್ಧ ಗಂಟೆ ಹಿಡಿದು ನಿಲ್ಲಬೇಕು.
ನಾಲ್ಕು ನಿಮಿಷ ಆಗಿದೆ.